ಆಲ್ಡೊ ಹಿಡಿದ ಹಗ್ಗ

ಆಲ್ಡೊ ಪೆಡ್ರೊನಿ ಹೋದ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಎಪ್ಪತ್ತೊಂಬತ್ತು ವರ್ಷ. ಹೃದಯದ ಕಾಯಿಲೆ.

ಸ್ಯಾನ್‌ಫ್ರಾನ್ಸಿಸ್ಕೊದ ಕೊಲಂಬಸ್ ರಸ್ತೆಯಲ್ಲಿ ಐವತ್ತು ವರ್ಷ ಕ್ಷೌರ ಮಾಡಿದವನು. ನಮ್ಮ ಬೀದಿಯಲ್ಲಿ ಯಾರ ತಲೆಯೂ ಅವನ ಕತ್ತರಿಯಿಂದ, ಯಾರ ಕಿವಿಯೂ ಅವನ ಕಥೆಯಿಂದ ತಪ್ಪಿಸಿಕೊಂಡಿದ್ದಿಲ್ಲ. ಮಣ್ಣು ಮಾಡಿದ ದಿನ ಯಾರಿಗೂ ಹೇಳಲಾಗದೆ ಉಳಿದ ಕಥೆ ಇದು: ಈ ವಸಂತದಲ್ಲಿ ಅವನು ಕೇಬಲ್ ಕಾರು ಹತ್ತಿದ್ದು. ಅದೇ ಮೊದಲ ಸಲ ಹತ್ತಿದ್ದು!

ಗುಡ್ಡದ ರಸ್ತೆಗಳಲ್ಲಿ ಹಳಿಯ ಮೇಲೆ ಓಡುವ ಆ ಬಂಡಿಯನ್ನು ಈ ಊರಿನವರು ಸಾಮಾನ್ಯವಾಗಿ ಹತ್ತುವುದಿಲ್ಲ; ಅದೇನಿದ್ದರೂ ಬಂದುಹೋಗುವವರಿಗೆ. ಆಲ್ಡೊಗೆ ಮಾತ್ರ ಇನ್ನೊಂದು ಕಾರಣವಿತ್ತು. ಐವತ್ತೆರಡು ವರ್ಷಗಳ ಹಿಂದೆ, ನೆಬ್ರಾಸ್ಕಾದಿಂದ ಬಂದಿದ್ದ ನೊರೀನ್ ಎಂಬ ನರ್ಸ್ ಮುಂದೆ "ನಾನು ಗ್ರಿಪ್‌ಮನ್" ಎಂದು ಒಂದು ಸುಳ್ಳು ಬಿಟ್ಟಿದ್ದ. ಗ್ರಿಪ್‌ಮನ್ ಎಂದರೇನು ಸಾಮಾನ್ಯವೇ? ರಸ್ತೆಯಡಿ ಎಡೆಬಿಡದೆ ಓಡುವ ಉಕ್ಕಿನ ಹಗ್ಗವನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು, ಅರವತ್ತು ಜನರ ಬಂಡಿಯನ್ನು ಗುಡ್ಡ ಹತ್ತಿಸುವ ಗಂಡುಗಲಿ! ನೊರೀನ್ ಮದುವೆಯಾದಳು. ಸುಳ್ಳೂ ಅವಳ ಹಿಂದೆಯೇ ಬಲಗಾಲಿಟ್ಟು ಮನೆಯೊಳಗೆ ಬಂತು. ಮದುವೆಯಾದ ವಾರಕ್ಕೇ "ಬೆನ್ನು ಹಿಡೀತು, ಕೆಲಸ ಬಿಟ್ಟೆ" ಎಂದು ಬಹಿರಂಗವಾಗಿ ಕತ್ತರಿ ಹಿಡಿದ. ಅಂಗಡಿಗೆ ಬರುವ ನಿಜವಾದ ಗ್ರಿಪ್‌ಮನ್‌ಗಳ ಗಡ್ಡದ ಜೊತೆ ಅವರ ಸಾಹಸಗಳನ್ನೂ ಕೆರೆದುಕೊಂಡು, ರಾತ್ರಿ ಊಟಕ್ಕೆ ತನ್ನವೆಂದು ಬಡಿಸಿದ.

ಈ ವಸಂತದಲ್ಲಿ ನೊರೀನಳ ತಂಗಿ ಮ್ಯಾವಿಸ್ ಬಂದಳು. ಪೆಟ್ಟಿಗೆ ಇಳಿಸುವ ಮುಂಚೆಯೇ, "ಆಲ್ಡೊ, ನಿನ್ನ ಕಾರು ತೋರಿಸೋ!"

"ತೋರಿಸೋದೇನು, ಊರಿನ ಮಗನ ಹಾಗೆ ಸವಾರಿ ಮಾಡಿಸ್ತೀನಿ! ಕೆಳಗೆ ಪ್ರವಾಸಿಗಳ ಹಿಂದೆ ಸಾಲು ನಿಲ್ಲೋ ಕರ್ಮ ನಮಗಿಲ್ಲ. ಗುಡ್ಡದ ಮಧ್ಯೆ ನಿಂತ್ರೆ ಸಾಕು, ನನ್ನ ಮುಖ ನೋಡಿ ನಿಲ್ಲಿಸ್ತಾರೆ."

"ಮುಖ ನೋಡಿದ ಮೇಲೂ ನಿಲ್ಲಿಸ್ತಾರಾ?" ಎಂದಳು ನೊರೀನ್.

ಅವತ್ತು ಆಲ್ಡೊನ ಅಕ್ಕನ ಮನೆಯಲ್ಲಿ ಊಟ. ಅಲ್ಲಿಗೆಂದು ಅವನ ಕಂಕುಳಲ್ಲಿ ಒಂದು ಪಾತ್ರೆ ಏಡಿ ಸಾರು. ಪೊವೆಲ್ ರಸ್ತೆಯ ಏರಿನಲ್ಲಿ ಮೂವರೂ ನಿಂತರು. ತುಂಬಿದ ಕಾರೊಂದು ಬಂತು. ಆಲ್ಡೊ ಕೈ ಬೀಸಿದ. ಗ್ರಿಪ್‌ಮನ್ನೂ ಕೈ ಬೀಸಿ, ಹಾಗೆಯೇ ಮುಂದೆ ಹೋದ. ಇನ್ನೆರಡು ಕಾರಿನವರೂ ಅಷ್ಟೇ ಪ್ರೀತಿಯಿಂದ ಕೈ ಬೀಸಿ ಹೋದರು.

"ಎಷ್ಟು ಗೌರವ ಕೊಡ್ತಾರೆ ನಿನಗೆ!" ಎಂದಳು ಮ್ಯಾವಿಸ್.

ನಾಲ್ಕನೆಯದು ನಿಂತಿತು. ಅಕ್ಕತಂಗಿಯರು ಒಳಗೆ ತೂರಿದರು. ಆಲ್ಡೊ ಹೊರಗಿನ ಮೆಟ್ಟಿಲ ಮೇಲೆ ನಿಂತು, ಸಾರಿನ ಪಾತ್ರೆಯನ್ನು ಅಪ್ಪಿಕೊಂಡು, ಪಾಠ ಶುರು ಮಾಡಿದ. "ಮೇಲೆ ದಾರ ಕಾಣ್ತಾ? ಅದು ಕಂಡಕ್ಟರ್ ಎಳೆಯೋದು. ಗಂಟೆ ಎರಡು ಸಲ ಹೊಡೆದ್ರೆ 'ಹೊರಡು'. ಮೂರು ಸಲ ಅಂದ್ರೆ 'ಇದ್ದಲ್ಲೇ ನಿಲ್ಲು'!"

"ನೀನೇ ಹೊರಡಿಸು ನೋಡೋಣ," ಎಂದಳು ಮ್ಯಾವಿಸ್.

ಕಂಡಕ್ಟರ್ ಹಿಂದೆ ಟಿಕೆಟ್ಟಿನ ಗಲಾಟೆಯಲ್ಲಿದ್ದ. ಆಲ್ಡೊ ದಾರ ಎಳೆದ. ಟಿಂಗ್, ಟಿಂಗ್. ಕಾರು ಹೊರಟಿತು. ಅಷ್ಟರಲ್ಲಿ ಅವನಿಗೆ ಗೊಂದಲ. ಮೊದಲನೆಯದು ಕೇಳಿಸಿತೋ ಇಲ್ಲವೋ? ಕಾರು ತನ್ನ ಗಂಟೆಗೇ ಹೊರಟಿತೋ, ತಾನಾಗಿ ಹೊರಟಿತೋ? ಯಾವುದಕ್ಕೂ ಇರಲಿ ಎಂದು ಇನ್ನೊಂದು ಎಳೆದ.

ಟಿಂಗ್!

ಬ್ರೇಕು ಕಿರುಚಿತು. ಅರವತ್ತು ಜನ ಒಬ್ಬರ ಮಡಿಲಲ್ಲೊಬ್ಬರು ಪ್ರತಿಷ್ಠಾಪನೆಗೊಂಡರು! ಪಾತ್ರೆಯ ಮುಚ್ಚಳ ಇಳಿಜಾರಿನಲ್ಲಿ ಊರು ನೋಡಲು ಹೊರಟಿತು. ಏಡಿಯ ಕಾಲೊಂದು ಯಾರದೋ ಟೋಪಿಯ ಮೇಲೆ ಗರಿಯಂತೆ ನಿಂತಿತು. ಯಾರೋ ಚಕ್ರಕ್ಕೆ ಸಿಕ್ಕರೆಂದು ಹಿಂದಿನವರು ಕೂಗಿದರು. ಕೆಂಪು ಸಾರು ನೋಡಿ ಮುಂದಿನವರು ಅದನ್ನು ನಂಬಿದರು. ಕಂಡಕ್ಟರ್ ಗ್ರಿಪ್‌ಮನ್ನನ್ನು ನೋಡಿದ, ಗ್ರಿಪ್‌ಮನ್ ಕಂಡಕ್ಟರನನ್ನು ನೋಡಿದ. ಆಲ್ಡೊ ಆಕಾಶ ನೋಡಿದ.

"ಯಾರಪ್ಪ ಅದು ಗಂಟೆ ಹೊಡೆದೋನು?" ಗ್ರಿಪ್‌ಮನ್ ಗುಡುಗಿದ. ಹೆಸರು ಥರ್ಮನ್, ಬಾಗಿಲಷ್ಟು ಎತ್ತರದ ಆಳು.

ಮ್ಯಾವಿಸ್ ಎದ್ದು ನಿಂತಳು. "ನಮ್ಮಕ್ಕನ ಗಂಡ! ಹಿಂದೆ ಅವನೂ ಗ್ರಿಪ್‌ಮನ್ನೇ!"

ಥರ್ಮನ್ನನ ಮುಖ ಅರಳಿತು. "ಅಯ್ಯೋ ಯಜಮಾನ್ರೇ, ಮೊದಲೇ ಹೇಳಬಾರದಾ! ನಮ್ಮ ಮನೆಯೋರೇ ಆದ್ರಿ. ಬನ್ನಿ, ಮುಂದೆ ಬನ್ನಿ." ಹಗ್ಗ ಹಿಡಿಯುವ ಸನ್ನೆಗೋಲಿನ ಪಕ್ಕದಲ್ಲೇ ಆಲ್ಡೊಗೆ ಜಾಗ. ಕಾರು ಮತ್ತೆ ಏರತೊಡಗಿತು. "ಅಲ್ಲಾ, ನಿಮ್ಮ ಕಾಲದಲ್ಲಿ ಕ್ಯಾಲಿಫೋರ್ನಿಯಾ ರಸ್ತೆ ದಾಟೋವಾಗ ಹೇಗೆ?"

ಆಲ್ಡೊ ತಲೆಯೊಳಗಿನ ಗಡ್ಡಗಳನ್ನೆಲ್ಲ ಜಾಲಾಡಿದ. ಅದರ ಸುದ್ದಿ ಯಾವ ಗಡ್ಡವೂ ಹೇಳಿರಲಿಲ್ಲ. ಹಿಂದೆ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ. ಐವತ್ತೆರಡು ವರ್ಷದ ಮಾನ! ಎದೆಯುಬ್ಬಿಸಿ ಹೇಳಿದ: "ಹಗ್ಗ ಬಿಗಿಯಾಗಿ ಹಿಡೀತಿದ್ದೆ! ಒಂದೇ ಒಂದು ದಿನ ಬಿಟ್ಟವನಲ್ಲ."

ಥರ್ಮನ್ ಅವನ ಕಿವಿಯ ಹತ್ತಿರ ಬಾಗಿದ. ಆಮೇಲೆ ದನಿ ತಗ್ಗಿಸಿ, "ಯಜಮಾನ್ರೇ, ಅಲ್ಲಿ ನಮ್ಮ ಹಗ್ಗದ ಮೇಲೆ ಇನ್ನೊಂದು ಲೈನಿನ ಹಗ್ಗ ಅಡ್ಡ ಹೋಗುತ್ತೆ. ಬಿಡಲೇಬೇಕು. ಬಿಡದಿದ್ರೆ ಅದಕ್ಕೂ ಸಿಕ್ಕಿ ಎರಡು ಲೈನೂ ನಿಲ್ಲುತ್ತೆ. ಇಲ್ಲಿ ಕೈ ಪಳಗಬೇಕಾದ್ದು ಹಿಡಿಯೋದಕ್ಕಲ್ಲ, ಬಿಡೋದಕ್ಕೆ," ಎಂದ. ಮಾತು ಮುಗಿಯುವಷ್ಟರಲ್ಲಿ ಕ್ಯಾಲಿಫೋರ್ನಿಯಾ ರಸ್ತೆ ಬಂತು. ಥರ್ಮನ್ ಹಗ್ಗ ಬಿಟ್ಟ. ಕಾರು ಸದ್ದಿಲ್ಲದೆ ದಾಟಿತು.

ಇಳಿದ ಮೇಲೆ ಖಾಲಿ ಪಾತ್ರೆ ಹಿಡಿದು ಆಲ್ಡೊ ಫುಟ್‌ಪಾತಿನ ಮೇಲೆ ನಿಂತೇ ಇದ್ದ. "ನೊರೀನ್, ನಾನು ಗ್ರಿಪ್‌ಮನ್ ಆಗಿರಲೇ ಇಲ್ಲ."

"ಗೊತ್ತು."

"ಈಗ ಗೊತ್ತಾಯ್ತಾ?"

"ಮದುವೆಗೆ ಮೂರು ವಾರ ಮುಂಚೆ. ನಿನಗೆ ಅಂತ ಸ್ಯಾಂಡ್‌ವಿಚ್ ಮಾಡ್ಕೊಂಡು ಕಾರುಗಳ ಶೆಡ್ಡಿಗೆ ಹೋಗಿದ್ದೆ. ಪೆಡ್ರೊನಿ ಅಂದ್ರೆ 'ನಮಗೆ ಕ್ಷೌರ ಮಾಡೋನಲ್ವಾ?' ಅಂತ ಎಲ್ಲಾ ನಕ್ಕರು."

"ಮತ್ತೆ ಮದುವೆ ಯಾಕಾದೆ?"

"ಸ್ಯಾಂಡ್‌ವಿಚ್ ಯಾರಿಗೆ ಕೊಡ್ಲಿ ಮತ್ತೆ? ನಿನ್ನನ್ನೇ ನೆನೆಸ್ಕೊಂಡು ಮಾಡಿದ್ದು."

ಬೇಸಿಗೆ ಕಳೆಯುವಷ್ಟರಲ್ಲಿ ಆಲ್ಡೊ ಹಾಸಿಗೆ ಹಿಡಿದ. ಕೂಗಲು ಉಸಿರಿಲ್ಲದೆ, ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದ. ನೊರೀನ್ ಗಂಜಿ ತಂದರೆ ಮೂರು. ಮಾತ್ರೆ ತಂದರೆ ಮೂರು. ಪಾದ್ರಿ ಬಂದಾಗಲೂ ಮೂರು! "ನಿನ್ನ ಗಂಟೆಗೆಲ್ಲ ಬ್ರೇಕ್ ಹಾಕೋಳಲ್ಲ ನಾನು, ಬಾಯಿ ತೆಗಿ," ಎನ್ನುತ್ತಿದ್ದಳು.

ಹೋದ ಮಂಗಳವಾರ ಬೆಳಿಗ್ಗೆಯಿಂದ ನೊರೀನ್ ಅವನ ಕೈ ಹಿಡಿದು ಕೂತಿದ್ದಳು. ಮಧ್ಯಾಹ್ನ ಅವನು ಮೆಲ್ಲನೆ ಕೈ ಬಿಡಿಸಿಕೊಂಡ. ಚಮಚ ಹುಡುಕಿ ತೆಗೆದುಕೊಂಡ. ಲೋಟಕ್ಕೆ ಎರಡು ಸಲ ಬಡಿದ. ನೊರೀನ್ ಮೂರನೆಯದಕ್ಕೆ ಕಾದಳು. ಅವನು ಚಮಚವನ್ನು ತಟ್ಟೆಯ ಮೇಲೆ ಇಟ್ಟ.