ಅಕ್ಕನಿಗೆ ಹೇಳಿದ ಭಾನುವಾರ

ಬಸ್ಸಿನಲ್ಲಿ ಸೀಟು ಬೇಕೇ? ನಮ್ಮಕ್ಕನ ಜೊತೆ ಹತ್ತಿ! ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವೆಂದಾದ ಮೇಲೆ ಬೆಟ್ಟದಪುರದಿಂದ ಹುಣಸೂರಿಗೆ ಬರುವ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಅಕ್ಕ ಮಾತ್ರ ಆರಾಮಾಗಿ ಕೂತು ಬರುತ್ತಾಳೆ. ಪಕ್ಕದಲ್ಲಿ ಯಾರಾದರೂ ಕೂತರೆ ಊರು, ಮಳೆ, ಮಕ್ಕಳು ಎಲ್ಲ ವಿಚಾರಿಸಿಕೊಂಡು, "ನಂಗೆ ಎಚ್‌ಐವಿ ಐತೆ ಕಣವ್ವ. ಒತ್ಕೊಂಡ್ ಕೂತ್ರೆ ಬರಾಕಿಲ್ಲ, ಎದುರ್ಕೋಬ್ಯಾಡ" ಎನ್ನುತ್ತಾಳೆ. ಎದ್ದು ಹೋದವರ ಜಾಗದಲ್ಲಿ ಚೀಲ ಇಡುತ್ತಾಳೆ. ಏಳದೆ ಕೂತವರು ಹುಣಸೂರು ಬರುವಷ್ಟರಲ್ಲಿ ಅವಳ ಗೆಳತಿಯರಾಗಿರುತ್ತಾರೆ. ಅವಳಿಗಿರುವಷ್ಟು ಪರಿಚಯ ಓಟು ಕೇಳಲು ಬರುವವರಿಗೂ ಇಲ್ಲ!

"ಊರಿಗೆಲ್ಲ ಯಾಕಕ್ಕ ಸಾರ್ಕೊಂಡ್ ಬತ್ತೀಯ?" ಎಂದು ನಾನು ಗೊಣಗಿದರೆ, "ನಾನು ಹೇಳ್ದೆ ಇದ್ರೆ ಅವ್ರೇ ಹೇಳ್ಕಂಡ್ ತಿರುಗ್ತಾರೆ. ಅದೂ ತಪ್ಪುತಪ್ಪಾಗಿ! ನಾನಾದ್ರೆ ಸರ್ಯಾಗಿ ಹೇಳ್ತೀನಿ" ಎನ್ನುತ್ತಾಳೆ.

ಕಾಯಿಲೆ ಬಂದದ್ದು ಭಾವನಿಂದ. ಭಾವ ಈಗಿಲ್ಲ. "ಮದ್ವೆ ಆದಾಗಿಂದ ಒಂದು ಜೊತೆ ಓಲೆ ತಂದ್ಕೊಡು ಅಂತಿದ್ದೆ. ಇದ್ನ ತಂದ್ಕೊಟ್ಟ" ಎಂದು ಅವಳೇ ನಗುತ್ತಾಳೆ. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ. ಅವರ ಮುಖ ನೋಡಿ ಅಕ್ಕ ಇನ್ನೊಂದು ಸಲ ನಗುತ್ತಾಳೆ!

ಅವಳ ಮೊಬೈಲಿನಲ್ಲಿ ದಿನಾ ರಾತ್ರಿ ಎಂಟಕ್ಕೆ ಕೋಳಿ ಕೂಗುತ್ತದೆ. ಅದು ಮಾತ್ರೆಯ ಹೊತ್ತು. ಯಾರ ಮುಂದಿದ್ದರೂ ಸರಿ, ಡಬ್ಬಿ ತೆಗೆದು ನುಂಗುತ್ತಾಳೆ. ಅವಳ ಬೀದಿಯ ಹೆಂಗಸರು ಈಗ ಆ ಕೂಗಿಗೇ ಮುದ್ದೆಗೆ ಎಸರಿಡುತ್ತಾರಂತೆ. ಹೊತ್ತಲ್ಲದ ಹೊತ್ತಲ್ಲಿ ಕೋಳಿ ಕೂಗುವುದು ಅಪಶಕುನವೆಂದು ಒಬ್ಬ ಅಜ್ಜಿ ಬೈದರೆ, "ನಿನ್ ಬಿಪಿ ಮಾತ್ರೆಗೂ ಒಂದು ಕೋಳಿ ಇಕ್ಕೊಡ್ಲೇನಜ್ಜಿ?" ಎಂದಳು. ಈಗ ಆ ಬೀದಿಯಲ್ಲಿ ಎರಡು ಕೋಳಿ ಕೂಗುತ್ತವೆ!

ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಒಮ್ಮೆ ಒಬ್ಬಳು, "ನಿನ್ ಕಚ್ಚಿದ ಸೊಳ್ಳೆ ನನ್ ಕಚ್ಚಿದ್ರೆ?" ಎಂದು ದೂರ ಸರಿದಳಂತೆ. ಅಕ್ಕ ಕೈ ನಿಲ್ಲಿಸಲಿಲ್ಲ. "ಸೊಳ್ಳೆಯಿಂದ ಬರಂಗಿದ್ರೆ ಮೊದ್ಲು ನಿನ್ ಗಂಡಂಗೇ ಬರ್ಬೇಕಿತ್ತು ಕಣೆ. ಕುಡ್ದು ಚರಂಡಿ ಪಕ್ಕ ಬಿದ್ದಿರ್ತಾನಲ್ಲ!" ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು, ದೂರ ಸರಿದವಳೂ ಸೇರಿ.

ಇಂಥವಳಿಗೆ ನಾನು ಸುಳ್ಳು ಹೇಳಿದೆ.

ಏಳನೇ ಕ್ಲಾಸಿಗೆ ಓದು ಬಿಟ್ಟು ಪಂಚರ್ ಅಂಗಡಿ ಇಟ್ಟವನು ನಾನು. ಹಾಗೆಂದು ತಿಳಿಯದೆ ಮಾಡಿದೆ ಎನ್ನುವಂತಿಲ್ಲ. ಮುಟ್ಟಿದರೆ ಬರುವುದಿಲ್ಲ, ಎತ್ತಿಕೊಂಡರೆ ಬರುವುದಿಲ್ಲ, ಮಾತ್ರೆ ತಪ್ಪಿಸದಿದ್ದರೆ ರೋಗ ತೆಪ್ಪಗೆ ಬಿದ್ದಿರುತ್ತದೆ ಎಂದು ಅಕ್ಕನೇ ಬಾಯಿಪಾಠ ಮಾಡಿಸಿದ್ದಳು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನ್ನ ಮಗಳಿಗಿರುವುದು ಒಬ್ಬಳೇ ಸೋದರತ್ತೆ. ನೆಂಟರು ಏನನ್ನುತ್ತಾರೋ ಎಂದು, ಶುಕ್ರವಾರದ ನಾಮಕರಣವನ್ನು ಅಕ್ಕನಿಗೆ ಭಾನುವಾರ ಎಂದುಬಿಟ್ಟೆ. ನೆಂಟರು ಎನ್ನುವುದೂ ನೆಪವೇ. ಭಯ ನನ್ನದು.

ಶುಕ್ರವಾರ ಹೆಂಡತಿಯ ಚಿಕ್ಕಮ್ಮ ಮಗುವನ್ನು ಎತ್ತಿಕೊಂಡು ತೊಟ್ಟಿಲ ಪಕ್ಕ ನಿಂತಿದ್ದಾರೆ, ಬಾಗಿಲಲ್ಲಿ ಅಕ್ಕ! ಬಸ್ಸಿನ ಗೆಳತಿಯೊಬ್ಬಳು ನಮ್ಮ ನೆಂಟರ ಪೈಕಿಯಂತೆ.

"ಯಾಕ್ಲಾ, ಒಂದೇ ಮಗೀಗೆ ಎರಡು ಸಲ ಹೆಸರಿಕ್ತೀಯಾ?"

ಯಾರೂ ನಗಲಿಲ್ಲ.

"ಅಕ್ಕ, ಅದೂ..."

"ಬುಡು. ಅವ್ರೇ ಹಾಕ್ಲಿ ತೊಟ್ಲಿಗೆ. ಆದ್ರೆ ನಿಂಗೆ ಭಯ ಅಂತ ಇಷ್ಟು ಜನದ ಮುಂದೆ ನಿನ್ ಬಾಯಲ್ಲೇ ಹೇಳು. ಎಲ್ರ ತಾವೂ ನಾನು ಹೇಳ್ಕಳಾಕಿಲ್ವಾ? ನಿನ್ನ ಕಾಯ್ಲೆ ನೀನೂ ಹೇಳ್ಕೊ!"

"ಭಯ ಆಯ್ತು ಕಣಕ್ಕ" ಎಂದೆ. ನನಗೇ ಸರಿಯಾಗಿ ಕೇಳಲಿಲ್ಲ.

ಹೆಂಡತಿ ಎದ್ದಳು. ನನ್ನ ಕಡೆ ನೋಡಲೂ ಇಲ್ಲ. ಚಿಕ್ಕಮ್ಮನ ಕೈಯಿಂದ ಮಗುವನ್ನು ತೆಗೆದುಕೊಂಡು ಅಕ್ಕನನ್ನು ಕೂರಿಸಿ ಮಡಿಲಲ್ಲಿಟ್ಟಳು. "ನಿಮ್ ಸೊಸೆ ಅಕ್ಕ. ನೀವೇ ಹೆಸರು ಹೇಳಿ."

ಅಕ್ಕ ಬಗ್ಗಿ ಮೂರು ಸಲ ಹೆಸರು ಹೇಳಿದಳು. ಹೇಳಿ ಮುಗಿದರೂ ತಲೆ ಎತ್ತಲಿಲ್ಲ. ಮಗುವಿನ ಕೆನ್ನೆಗೆ ಒಂದು ಗೇಣು ದೂರದಲ್ಲಿ ಅವಳ ಮುಖ ನಿಂತುಬಿಟ್ಟಿತು. ಆಮೇಲೆ, ಯಾರನ್ನೂ ಎಂದೂ ಅಪ್ಪಣೆ ಕೇಳದವಳು, ನನ್ನತ್ತ ನೋಡಿ ಪಿಸುದನಿಯಲ್ಲಿ ಕೇಳಿದಳು:

"ಲೇ... ಒಂದು ಮುತ್ತು ಕೊಡ್ಲೇನ್ಲಾ?"

ನಾನು ಅವಳ ಎದುರು ಮಂಡಿಯೂರಿ, ಮಗಳ ತಲೆಯ ಕೆಳಗೆ ಕೈಯಿಟ್ಟು, ಕೆನ್ನೆಯನ್ನು ಅಕ್ಕನ ತುಟಿಯವರೆಗೆ ಎತ್ತಿದೆ.