ಮಾವನ ಫಿಲ್ಟರಿಗೆ ಆಯುಧಪೂಜೆ

ನಮ್ಮ ಸೋದರಮಾವನಿಗೆ ಕೊಳೆಯೆಂದರೆ ಪ್ರಾಣ. ಇದನ್ನು ನಾನು ಬಾಯಿಗೆ ಬಂದಂತೆ ಬರೆಯುತ್ತಿಲ್ಲ. ಬಹಳ ವರ್ಷಗಳಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವ ಕೆಲಸ ನನ್ನದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಐದೂ ತಾಲ್ಲೂಕು ಸುತ್ತಿದ್ದೇನೆ. ಎರಡು ಕಡೆ ವಿಚಾರಿಸದೆ ಒಂದು ಸಾಲು ಬರೆದವನಲ್ಲ. ಮಾವನ ಕೊಳೆಯ ಬಗ್ಗೆಯೂ ವಿಚಾರಿಸಿದ್ದೇನೆ. ಒಂದನೆಯ ಮೂಲ ನಮ್ಮ ಅತ್ತೆ, ಎರಡನೆಯ ಮೂಲ ಸ್ವತಃ ಮಾವ. ಇಬ್ಬರೂ ಅಲ್ಲಗಳೆದಿಲ್ಲ.

ಮೈಬಟ್ಟೆಯ ಕೊಳೆಯಲ್ಲ ಮತ್ತೆ! ಅವನ ಪಂಚೆ ಹಾಲಿನಂತಿರುತ್ತದೆ. ಅವನು ಕಾಪಾಡುವ ಕೊಳೆ ಇರುವುದು ಅಂಗೈಯಗಲದ ಒಂದು ಕಪ್ಪು ಸ್ಪಂಜಿನಲ್ಲಿ. ಸ್ಪಂಜು ಇರುವುದು ಫಿಲ್ಟರಿನಲ್ಲಿ. ಫಿಲ್ಟರ್ ಇರುವುದು ಹಗರಿಬೊಮ್ಮನಹಳ್ಳಿಯ ಸ್ಟೇಷನ್ ಕಡೆ ಇರುವ ಅವನ ಮನೆಯ ಪಡಸಾಲೆಯಲ್ಲಿ, ಏಳು ಬಂಗಾರದ ಮೀನುಗಳ ಗಾಜಿನ ತೊಟ್ಟಿಯೊಳಗೆ.

ಮೀನುಗಳು ಆ ಮನೆಗೆ ಬಂದದ್ದು ಔಷಧಿಯಾಗಿ. ಮಾವನ ಬಿಪಿ ಏರಿದಾಗ ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ಸ್ವಲ್ಪ ಹೊತ್ತು ಮೀನು ಈಜುವುದನ್ನು ನೋಡುತ್ತ ಕೂತರೆ ಮನಸ್ಸು ತಣ್ಣಗಾಗುತ್ತದೆ ಎಂದೂ ಹೇಳಿದ್ದರು. ಮಾವ ಕೂತ. ಒಂದು ಮೀನು ಮೂಲೆಯಲ್ಲಿ ಸುಮ್ಮನೆ ನಿಂತರೆ ಅದಕ್ಕೇನಾಯಿತು? ಇನ್ನೊಂದು ಅತಿ ಚುರುಕಾಗಿ ಓಡಾಡಿದರೆ ಅದಕ್ಕೇನಾಯಿತು? ಏಳು ಎಣಿಸುವಾಗ ಆರೇ ಕಂಡರೆ ಏಳನೆಯದು ಎಲ್ಲಿ? ತಿಂಗಳು ತುಂಬುವುದರೊಳಗೆ ಬಿಪಿ ಇನ್ನಷ್ಟು ಏರಿ ಗುಳಿಗೆ ಒಂದಿದ್ದದ್ದು ಎರಡಾಯಿತು. ಮೀನುಗಳನ್ನು ಕೊಟ್ಟುಬಿಡಿ ಎಂದು ಅದೇ ಡಾಕ್ಟರು ಹೇಳಿದಾಗ ಮಾವ ಡಾಕ್ಟರನ್ನೇ ಬದಲಿಸಿದ!

ಕರೆಂಟು ಹೋದರಂತೂ ಆ ಮನೆಯಲ್ಲಿ ತುರ್ತುಸ್ಥಿತಿ. ಫಿಲ್ಟರ್ ನಿಂತರೆ ನೀರಿನೊಳಗೆ ಗಾಳಿ ಸೇರುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿದ್ದರೂ ಸರಿ, ತೊಟ್ಟಿಯ ನೀರನ್ನು ಚೊಂಬಿನಲ್ಲಿ ಮೊಗೆದು ಮೇಲಿನಿಂದ ಸಣ್ಣ ಧಾರೆಯಾಗಿ ಹೊಯ್ಯುತ್ತಿರಬೇಕು. ಒಮ್ಮೆ ತಮ್ಮ ಮಗಳ ಮದುವೆಯ ಕರೆಯೋಲೆ ಕೊಡಲು ಬಂದಿದ್ದ ಹಿರಿಯರೊಬ್ಬರು ಸಿಕ್ಕಿಬಿದ್ದರು. ಕರೆಂಟು ಬರುವ ಹೊತ್ತಿಗೆ ಅವರ ತೋಳು ಮೇಲೇಳದಂತಾಗಿತ್ತು. ಮದುವೆಯ ದಿನ ಅಕ್ಷತೆ ಹಾಕುವಾಗಲೂ ಅವರು ಎಡಗೈ ಬಳಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಫಿಲ್ಟರ್ ತೊಳೆಯುವ ಕ್ರಮ. ತೊಳೆಯುವುದು ಎಂಬ ಮಾತನ್ನು ಮಾವನ ಎದುರು ಆಡುವಂತಿಲ್ಲ, ‘ಹಿಂಡುವುದು’ ಎನ್ನಬೇಕು. ಮೂರು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಈ ಕೆಲಸ. ಅಷ್ಟು ಹೊತ್ತು ಅತ್ತೆ ಮಿಕ್ಸಿ ಹಾಕುವಂತಿಲ್ಲ, ಯಾರೂ ಫೋನಿನಲ್ಲಿ ಮಾತಾಡುವಂತಿಲ್ಲ. ಮಾವ ಮೊದಲು ಪ್ಲಗ್ ಕಿತ್ತು, ಕಿತ್ತದ್ದು ಹೌದೋ ಅಲ್ಲವೋ ಎಂದು ಇನ್ನೊಮ್ಮೆ ನೋಡಿ, ತೊಟ್ಟಿಯದೇ ನೀರನ್ನು ಬೋಗುಣಿಗೆ ತೆಗೆದುಕೊಂಡು, ಅದರಲ್ಲಿ ಸ್ಪಂಜನ್ನು ಎರಡೇ ಎರಡು ಸಲ ಮೆಲ್ಲಗೆ ಅದುಮುತ್ತಾನೆ. ಮೂರನೆಯ ಸಲ ಅದುಮಿದರೆ ಅವನ ಲೆಕ್ಕದಲ್ಲಿ ಅದು ಕೊಲೆ. ಬೋಗುಣಿಯ ಕಂದು ನೀರು ಕರಿಬೇವಿನ ಗಿಡಕ್ಕೆ. ಅರ್ಧ ಕೊಳೆ ಇನ್ನೂ ಉಳಿದಿರುವ ಸ್ಪಂಜು ಮತ್ತೆ ಫಿಲ್ಟರಿಗೆ.

ಪೂರ್ತಿ ತೊಳೆದರೆ ಏನಾಗುತ್ತದೆ ಎಂದು ಅತ್ತೆ ಒಮ್ಮೆ ಕೇಳಿದ್ದಳು. ಅವಳ ಕೈಯಲ್ಲಿ ಒಂದು ಪಾತ್ರೆಯ ತಳಕ್ಕೆ ಕರಿ ಉಳಿದ ಇತಿಹಾಸವೇ ಇಲ್ಲ. ಆ ಸ್ಪಂಜನ್ನು ಕಂಡರೆ ಅವಳ ಬೆರಳು ತುರಿಸುತ್ತವೆ. ಮಾವ ಅಂದು ಹೇಳಿದ್ದು ಇಷ್ಟು: ಆ ಕೊಳೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಮೀನಿನ ಹೊಲಸು ನೀರಿನಲ್ಲಿ ವಿಷವಾಗದಂತೆ ತಿಂದು ತೀರಿಸುವುದು ಅವೇ. ಮೊಸರಿಗೆ ಹೆಪ್ಪು ಇದ್ದ ಹಾಗೆ. ಗಡಿಗೆ ತೊಳೆಯುವಾಗ ಹೆಪ್ಪನ್ನೂ ತೊಳೆದುಬಿಡುತ್ತೀಯಾ?

ನಿವೃತ್ತನಾಗುವವರೆಗೆ ಮಾವನ ಕೆಲಸ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ. ಸೇವೆಯುದ್ದಕ್ಕೂ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕಿದ ಕೈ ಅದು. ಈಗ ನಲ್ಲಿ ನೀರೆಂದರೆ ಅದೇ ಕೈ ಹಿಂದೆ ಸರಿಯುತ್ತದೆ! ತೊಟ್ಟಿಗೆ ಹಾಕುವ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಬ್ಲೀಚಿಂಗ್ ವಾಸನೆ ಹೋದ ಮೇಲಷ್ಟೇ ಬಳಸುತ್ತಾನೆ. ತಾನು ಪಾಲಿಸಿದರೆ ಸಾಕೇ? ಐದು ತಾಲ್ಲೂಕಿನಲ್ಲಿ ಎಲ್ಲಿ ಮೀನಿನ ತೊಟ್ಟಿ ಕಂಡರೂ ಒಳಗೆ ಹೋಗಿ ಮಾಲೀಕರಿಗೆ ಪಾಠ ಹೇಳುತ್ತಾನೆ. ಹಲ್ಲಿನ ಡಾಕ್ಟರ ಹತ್ತಿರ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅವರ ಫಿಲ್ಟರಿನ ತಪ್ಪು ಹೇಳಿ ಬಂದವನು. ಕೊಟ್ಟೂರಿನ ಸಲೂನಿನವನಿಗೂ ಅರ್ಧ ಕ್ಷೌರವಾದಾಗ ಪಾಠ ಶುರುಮಾಡಿದ್ದ. ಅವನು ಕತ್ತರಿ ಕೆಳಗಿಟ್ಟು, ತಲೆ ಬೇಕೋ ಮೀನು ಬೇಕೋ ಎಂದು ಕೇಳಿದ. ಮಾವ ಅರ್ಧ ತಲೆಯಲ್ಲೇ ಎದ್ದು ಬಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇಂಥ ಮಾವ ಕಳೆದ ದಸರೆಗೆ ಎರಡು ದಿನ ಊರು ಬಿಟ್ಟ. ಹಡಗಲಿ ಕಡೆಯ ಮಾಗಳದಲ್ಲಿರುವ ಅವನ ತಂಗಿಯ ಮನೆಯವರು ದೇವಿ ಪುರಾಣದ ಮಂಗಲಕ್ಕೆ ಬರಲೇಬೇಕೆಂದು ಹಿಡಿದಿದ್ದರು. ಹೊರಡುವ ಮುಂಚೆ ನನ್ನನ್ನು ಕರೆಸಿ, ದಿನಕ್ಕೆ ಎರಡು ಸಲ ಬಂದು ಮೀನು ಎಣಿಸಿ ಫೋನು ಮಾಡಬೇಕೆಂದ. ಸ್ಪಂಜು ಹಿಂಡುವ ಪಾಳಿ ಇನ್ನೂ ದೂರವಿದ್ದದ್ದರಿಂದ ಅದರ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಅವನ ಜೀವನದ ದೊಡ್ಡ ಲೋಪ ಇದೇ ಎಂದು ದಾಖಲಿಸಬೇಕಾಗಿದೆ.

ಮರುದಿನ ಆಯುಧಪೂಜೆ. ನನ್ನ ಬೈಕು, ಕ್ಯಾಮೆರಾಗಳ ಪೂಜೆ ಮುಗಿಸಿ ಮಧ್ಯಾಹ್ನ ಮಾವನ ಮನೆಗೆ ಹೋದೆ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ನು, ಮಿಕ್ಸಿ, ಈಳಿಗೆ, ಕುಡಗೋಲು, ಮಾವ ಪಂಪ್‌ಹೌಸಿನಲ್ಲಿ ನಟ್ಟು ತಿರುಗಿಸುತ್ತಿದ್ದ ಹಳೆಯ ಪಾನಾಗಳು ಎಲ್ಲವೂ ಮಿರಮಿರ ಮಿಂಚುತ್ತ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ತೊಟ್ಟಿಗೆ ಚೆಂಡುಹೂವಿನ ಹಾರ. ನೀರಿನಿಂದ ಮೇಲೆ ಕಾಣುತ್ತಿದ್ದ ಫಿಲ್ಟರಿನ ತಲೆಗೂ ಮೂರೆಳೆ ವಿಭೂತಿ. ಒಳಗೆ ಇಣುಕಿದೆ. ಸ್ಪಂಜು ಅಂಗಡಿಯಿಂದ ಈಗ ತಂದಂತೆ ಇತ್ತು.

ಇದನ್ನು ಯಾರು ತೊಳೆದರು ಎಂದೆ.

“ನಾನ,” ಎಂದಳು ಅತ್ತೆ, ಹೆಮ್ಮೆಯಿಂದ. “ಬ್ಲೀಚಿಂಗ್ ಪುಡಿ ಹಾಕಿ, ಬ್ರಷ್ಷಿಲೆ ತಿಕ್ಕಿ, ನಾಕು ನೀರಾಗ ತೊಳದೀನಿ. ಎಲ್ಲಾ ಮಷಿನ್ನಿಗೂ ಪೂಜಿ ಮಾಡಿ ಅದೊಂದನ್ನ ಹಂಗ ಬಿಡ್ಲೇನು? ನಡುವ ಅದು ಕೆಟ್ಟು ನಿಂತ್ರ ನಿಮ್ಮ ಮಾವನ ಎದಿ ನಿಲ್ತೈತೋ ಮಾರಾಯ.”

ಹೆಪ್ಪಿನ ಮಾತನ್ನು ಅತ್ತೆಗೆ ನೆನಪಿಸಿದೆ. ಅವಳ ಮುಖದ ಬಣ್ಣ ನೋಡನೋಡುತ್ತಲೇ ಇಳಿಯಿತು. ಗಡಿಗೆ ತೊಳೆದಾಗ ಹೆಪ್ಪನ್ನು ಎತ್ತಿಡುವ ಅವಳು, ಈ ಮಷಿನ್ನಿನಲ್ಲಿ ಹೆಪ್ಪಿರುವುದನ್ನು ಹಬ್ಬದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದಳು. ಮಾವನಿಗೆ ಫೋನು ಮಾಡಬೇಕೋ ಬೇಡವೋ? ಮಾಡಿದರೆ ಅವನು ವಾಪಸು ಬರುವ ಬಸ್ಸಿನಲ್ಲೇ ಏನಾದರೂ ಮಾಡಿಕೊಂಡಾನು. ಮಾಡದಿದ್ದರೆ ಮೀನುಗಳಿಗೆ ಏನಾದರೂ ಆದೀತು. ಕೊನೆಗೆ ಮಾಡಿದೆ. ಏಳೂ ಇವೆ ಎಂದೆ. ಅದು ಸತ್ಯವೇ. ಉಳಿದದ್ದನ್ನು ಸ್ಥಳಾಭಾವದಿಂದ ಕೈಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಏಳೂ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಅತ್ತೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದಾಳೆ. ಕರೆಂಟು ಇದೆ, ಫಿಲ್ಟರೂ ಓಡುತ್ತಿದೆ, ಆದರೂ ಹೊಯ್ಯುತ್ತಿದ್ದಾಳೆ. “ಒಂದರ ಹೋದ್ರೂ ಅವರು ನನಗ ಏನೂ ಅನ್ನಂಗಿಲ್ಲೋ,” ಎಂದಳು. “ಸುಮ್ಮನ ಒಳಗ ಇಟ್ಕೊಳ್ತಾರ. ನನಗ ಅದ ಹೆದರಿಕಿ.”

ಅಷ್ಟರಲ್ಲಿ ಮಾವ ಬಂದ. ಚಪ್ಪಲಿ ಬಿಡದೆ ತೊಟ್ಟಿಯ ಹತ್ತಿರ ಹೋದ. ಸ್ಪಂಜು ಎತ್ತಿ ಮೂಸಿದ. ಒಳ್ಳೆಯ ಸ್ಪಂಜು ಕೆರೆಯಂಗಳದ ಮಣ್ಣಿನ ವಾಸನೆ ಹೊಡೆಯಬೇಕೆಂದು ಅವನು ನೂರು ಸಲ ಹೇಳಿದ್ದಾನೆ. ವಿಭೂತಿಯ ಎಳೆಗಳನ್ನು ನೋಡಿದ. ಅಡುಗೆಮನೆಯ ಬಾಗಿಲಿಗೆ ಸರಿದು ಚೊಂಬು ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ. ಏನೂ ಕೇಳಲಿಲ್ಲ. ಬಕೆಟ್ಟುಗಳಲ್ಲಿ ನಿಲ್ಲಿಸಿದ್ದ ನೀರಿನಿಂದ ಅರ್ಧ ತೊಟ್ಟಿ ಬದಲಿಸಿ, ಅತ್ತೆಗೆ ನೀರು ಹೊಯ್ಯುತ್ತಲೇ ಇರಲು ಹೇಳಿ, ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡು ನನ್ನತ್ತ ತಿರುಗಿದ.

“ಗಾಡಿ ತೆಗಿ. ಯಾರ ಮನಿಯಾಗರ ಹಳೇ ಸ್ಪಂಜು ಸಿಗಬೇಕು. ಹೆಪ್ಪು ತರಬೇಕು.”

ವಿಜಯದಶಮಿಯ ದಿನ ಜನ ಮನೆಮನೆಗೆ ಹೋಗಿ ಬನ್ನಿ ಕೊಟ್ಟು ಬನ್ನಿ ತೆಗೆದುಕೊಳ್ಳುತ್ತಾರೆ. ನಾವು ಬನ್ನಿ ಕೊಟ್ಟು ಕೊಳೆ ಕೇಳಲು ಹೊರಟೆವು! ಮೊದಲು ಹಲ್ಲಿನ ಡಾಕ್ಟರ ಮನೆ. ಅವರು ಬನ್ನಿ ತೆಗೆದುಕೊಂಡು ವಿಷಯ ಕೇಳಿ ತಲೆಯಾಡಿಸಿದರು. ಆಯುಧಪೂಜೆಗೆಂದು ಅವರ ಕಾಂಪೌಂಡರು ಇಕ್ಕಳಗಳ ಜೊತೆ ಫಿಲ್ಟರನ್ನೂ ಬಿಸಿನೀರಿನಲ್ಲಿ ಕುದಿಸಿದ್ದ. ಅವರ ಮೀನುಗಳೂ ಬಾಯಿ ಬಿಡುತ್ತಿದ್ದವು. ಮಾವ ಅವರಿಗೂ ನೀರು ಬದಲಿಸುವ ಕ್ರಮ ಹೇಳಿದ. ನಿಮ್ಮದನ್ನು ಯಾರು ತೊಳೆದರು ಎಂದು ಡಾಕ್ಟರು ಕೇಳಿದರು.

“ನಾನ ತೊಳದೀನ್ರಿ,” ಎಂದ ಮಾವ.

ತಪ್ಪು ಮಾಹಿತಿ ಕಂಡಲ್ಲಿ ತಿದ್ದುವುದು ನನ್ನ ಕಸುಬು. ಬಾಯಿ ತೆರೆದೆ. ಮಾವ ನನ್ನ ಕಾಲು ತುಳಿದ.

ಆಮೇಲೆ ಬಸ್‌ಸ್ಟ್ಯಾಂಡಿನ ಕಡೆಯ ಖಾನಾವಳಿ. ಅಲ್ಲಿನ ಮೀನುಗಳು ಹೋದ ವರ್ಷದ ಆಯುಧಪೂಜೆಗೇ ತೀರಿಹೋಗಿ, ಈಗ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಮೀನುಗಳಿದ್ದವು. ಮಾಲೀಕ, ಇವು ಆರಾಮ ಅದಾವ್ರಿ, ಊಟಕ್ಕೂ ಕೇಳಂಗಿಲ್ಲ ಎಂದ. ಅವನೂ ಅದೇ ಪ್ರಶ್ನೆ ಕೇಳಿದ. ಮಾವ ಅದೇ ಉತ್ತರ ಕೊಟ್ಟ. ಖಾನಾವಳಿಯವನು ನಗು ತಡೆಯಲಾರದೆ ಒಳಗೆ ಹೋದ. ಒಳಗಿನಿಂದ ಇನ್ನಿಬ್ಬರು ನಕ್ಕದ್ದು ಕೇಳಿಸಿತು.

ಅಂದೇ ಹೋಗಿ ಬರುವಷ್ಟು ದೂರದಲ್ಲಿ ಇನ್ನು ಉಳಿದದ್ದು ಒಂದೇ ತೊಟ್ಟಿ. ಕೊಟ್ಟೂರಿನ ಸಲೂನು. ಮಾವ ಬೈಕು ಹತ್ತಿದ. ಹಿಂದಿನಿಂದ ನನ್ನ ಭುಜ ಹಿಡಿದಿದ್ದ ಕೈ ಬೆವರಿ ಅಂಗಿ ತೊಯ್ದಿತ್ತು. ಅರ್ಧ ದಾರಿಯಲ್ಲಿ ಮನೆಗೆ ಫೋನು ಮಾಡಿಸಿದ. ಒಂದು ಮೀನು ಓರೆಯಾಗಿದೆ ಎಂದಳು ಅತ್ತೆ. ಮಾವನಿಗೆ ಹೇಗೆ ಹೇಳಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅವನೇ, ಗೊತ್ತಾಯ್ತು ನಡಿ ಎಂದ.

ಸಲೂನಿನವನು ಕತ್ತರಿ, ಕುರ್ಚಿ, ಕನ್ನಡಿಗಳಿಗೆ ಪೂಜೆ ಮಾಡಿ ಹೊಸ ಅಂಗಿ ತೊಟ್ಟು ಕೂತಿದ್ದ. ಮೂಲೆಯಲ್ಲಿ ಅವನ ತೊಟ್ಟಿ. ಗಾಜಿನ ಮೇಲೆ ಪಾಚಿ ಎಷ್ಟು ದಪ್ಪಗೆ ಬೆಳೆದಿತ್ತೆಂದರೆ ಮೀನುಗಳು ಮಂಜಿನಲ್ಲಿ ಓಡಾಡುವಂತೆ ಕಾಣುತ್ತಿದ್ದವು. ಫಿಲ್ಟರ್ ತೊಳೆದೆಯಾ ಎಂದು ಕೇಳಿದ ಮಾವನ ಧ್ವನಿ ಸಣ್ಣಗಿತ್ತು. ಅಲ್ಲಿಗೆ ಕೈ ಹೋಗುವುದೇ ಇಲ್ಲ, ತಂದಾಗಿನಿಂದ ಮುಟ್ಟಿಲ್ಲ ಎಂದ ಅವನು. ಮಾವ ಎರಡೂ ಕೈ ಜೋಡಿಸಿದ. ಫಿಲ್ಟರಿಗೋ ಅವನಿಗೋ ಖಚಿತಪಡಿಸಿಕೊಳ್ಳಲು ಆಗಲಿಲ್ಲ.

ಅರ್ಧ ತುಂಡು ಸ್ಪಂಜು ಬೇಕಿತ್ತು, ನಮ್ಮದು ಪೂರ್ತಿ ತೊಳೆದುಹೋಗಿದೆ ಎಂದ ಮಾವ. ಸಲೂನಿನವನು ಕಾಲ ಮೇಲೆ ಕಾಲು ಹಾಕಿಕೊಂಡ.

“ಊರಿಗೆಲ್ಲಾ ಬುದ್ಧಿ ಹೇಳಾವ್ರು ನೀವು. ನಿಮ್ಮ ಮನ್ಯಾಗ ತೊಳದಾವ್ರು ಯಾರ್ರಿ ಯಜಮಾನ್ರ?”

“ನಾನು.”

“ಕೇಳಸಲಿಲ್ಲ, ಇನ್ನೊಮ್ಮೆ ಹೇಳ್ರಿ.”

“ನಾನ ತೊಳದೀನಪ. ಬ್ಲೀಚಿಂಗ್ ಹಾಕಿ, ಬ್ರಷ್ಷಿಲೆ ತಿಕ್ಕಿ. ಬುದ್ಧಿ ನೆಟ್ಟಗ ಇರಲಿಲ್ಲ.”

ಸಲೂನಿನವನಿಗೆ ಬಹುಶಃ ಇನ್ನೊಮ್ಮೆ ಕೇಳುವ ಆಸೆಯಿತ್ತು. ಮಾವನ ಮುಖ ನೋಡಿ ಎದ್ದ. ಪೂಜೆಗೆ ಇಟ್ಟ ಕತ್ತರಿಯನ್ನು ಇನ್ನೂ ಕದಲಿಸಿರಲಿಲ್ಲ. ಒಂದು ಕ್ಷಣ ತಡೆದು, ಕಣ್ಣಿಗೊತ್ತಿಕೊಂಡು ಎತ್ತಿದ. ಪೂಜೆಯ ನಂತರದ ಮೊದಲ ಕೆಲಸವಾಗಿ ಆ ಕತ್ತರಿ ಜಿಗುಟು ಕೊಳೆಯ ಸ್ಪಂಜನ್ನು ಎರಡು ತುಂಡು ಮಾಡಿತು. ಮಾವ ಒಂದು ತುಂಡನ್ನು ಅದೇ ತೊಟ್ಟಿಯ ನೀರಿನೊಂದಿಗೆ ಡಬ್ಬಿಗೆ ಹಾಕಿಕೊಂಡ. ಜೀವಕ್ಕೆ ಗಾಳಿ ಬೇಕೆಂದು ಮುಚ್ಚಳ ಹಾಕಗೊಡಲಿಲ್ಲ. ಹಗರಿಬೊಮ್ಮನಹಳ್ಳಿಯವರೆಗಿನ ಪ್ರತಿಯೊಂದು ರಸ್ತೆಯುಬ್ಬಿನ ಸುದ್ದಿಯೂ ಡಬ್ಬಿಯಿಂದ ತುಳುಕಿ ನನ್ನ ಬೆನ್ನಿಗೆ ತಣ್ಣಗೆ ತಲುಪುತ್ತಿತ್ತು.

ಮನೆ ಮುಟ್ಟಿದಾಗ ಆ ಓರೆಯಾದ ಮೀನು ತೀರಿಹೋಗಿತ್ತು. ಅತ್ತೆ ಅದನ್ನು ಒಂದು ತಟ್ಟೆಯಲ್ಲಿಟ್ಟು ಅರಿಸಿನದ ಎಲೆ ಮುಚ್ಚಿದ್ದಳು. ಇನ್ನೂ ನೀರು ಹೊಯ್ಯುತ್ತಲೇ ಇದ್ದಳು. ತೋಳು ಸೋತು ಅರ್ಧ ನೀರು ಹೊರಗೆ ಚೆಲ್ಲುತ್ತಿತ್ತು. ಮಾವ ಕೊಳೆಯ ತುಂಡನ್ನು ಫಿಲ್ಟರಿನೊಳಗೆ ಸೇರಿಸಿದ. ಆಮೇಲೆ ಅವಳ ಕೈಯಿಂದ ಚೊಂಬು ತೆಗೆದುಕೊಂಡ. ಅಂದು, ಮರುದಿನ, ಅದರ ಮರುದಿನ ಮೂವರೂ ಹೊತ್ತೊತ್ತಿಗೆ ಒಂದಿಷ್ಟು ನೀರು ಬದಲಿಸಿದೆವು. ನಾಲ್ಕನೆಯ ದಿನ ಮೀನುಗಳು ಕೆಳಗಿಳಿದು ಕಲ್ಲುಗಳ ನಡುವೆ ಮೂತಿಯಿಟ್ಟು ತಿಂಡಿ ಹುಡುಕಿದವು. ಆರು. ನಾನೂ ಎಣಿಸಿದೆ, ಮಾವನೂ ಎಣಿಸಿದ.

ಮೀನು ಉಳಿದವು, ಮಾವನ ಮಾನ ಉಳಿಯಲಿಲ್ಲ. ಖಾನಾವಳಿಯಿಂದ ಹೊರಟ ಸುದ್ದಿ ನನ್ನ ಪತ್ರಿಕೆಗಿಂತ ವೇಗವಾಗಿ ಐದು ತಾಲ್ಲೂಕಿಗೆ ಹಂಚಿಕೆಯಾಗಿತ್ತು. ಚಹದಂಗಡಿಯಲ್ಲಿ ಅವನ ಹಳೆಯ ಜೊತೆಗಾರರು ಲೋಟ ತೊಳೆಯುವ ಮುಂಚೆ ಇವನನ್ನು ಕೇಳಿರಪ್ಪ ಎನ್ನತೊಡಗಿದರು. ಮಾವ ಚಹ ಕುಡಿದು ಎದ್ದು ಬರುತ್ತಿದ್ದ. ಅತ್ತೆಗೆ ಮಾತ್ರ ಇದು ಗೊತ್ತಿರಲಿಲ್ಲ. ತೊಳೆದವಳು ತಾನೆಂದು ಗಂಡನಿಗೆ ಹೇಗೆ ಹೇಳುವುದು ಎಂಬ ಕಳವಳದಲ್ಲೇ ಅವಳು ದಿನ ಕಳೆಯುತ್ತಿದ್ದಳು. ನಾನೂ ಬಾಯಿ ಬಿಟ್ಟಿರಲಿಲ್ಲ.

ಮಂಗಳವಾರ ತನ್ನ ಅಂಗಡಿಗೆ ರಜೆಯಾದ್ದರಿಂದ ಸಲೂನಿನವನು ಮೀನು ನೋಡಲು ಬಂದ. ಹಿಂದೊಮ್ಮೆ ಅರ್ಧಕ್ಕೆ ನಿಂತ ಕ್ಷೌರ ಮುಗಿಸಿಕೊಡುತ್ತೇನೆ ಎಂದು ಕತ್ತರಿಯ ಚೀಲವನ್ನೂ ತಂದಿದ್ದ. ತೊಟ್ಟಿಯ ಮುಂದೆ ಕೂತು, ತಾನೇ ತೊಳೆದು ತಾನೇ ಕೊಟ್ಟೂರಿಗೆ ಓಡಿ ಬಂದ ಯಜಮಾನರನ್ನು ಇದೇ ಮೊದಲು ಕಂಡದ್ದು ಎಂದು ದೊಡ್ಡ ದನಿಯಲ್ಲಿ ನಗಾಡಿದ.

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಗಂಡನನ್ನು ನೋಡಿದಳು, ಸಲೂನಿನವನನ್ನು ನೋಡಿದಳು.

“ಅವರಲ್ಲಪ, ತೊಳದಾಕಿ ನಾನು,” ಎಂದಳು.

ಮಾವ ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

“ಆಕಿ ಮಾತು ಕೇಳಬ್ಯಾಡಪ ನೀನು,” ಎಂದ. “ಲಗ್ನ ಆದಾಗಿಂದ ನನ್ನ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡು ಹಾಕ್ಕೊಂಡು ಆಕಿಗೆ ರೂಢಿ ಆಗಿಬಿಟ್ಟೈತಿ.”

ಸಲೂನಿನವನು ನಗು ನಿಲ್ಲಿಸಿದ. ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಮದುವೆಯಾದಾಗಿನಿಂದ ಮಂದಿಯ ಎದುರು ಎಂದೂ ಮಾಡದಿದ್ದ ಒಂದು ಕೆಲಸ ಮಾಡಿದಳು. ಮಾವನ ಪಕ್ಕದ ಕುರ್ಚಿಯಲ್ಲಿ ಕೂತು, ಅವನ ಜೊತೆ ಮೀನು ನೋಡತೊಡಗಿದಳು.