ಗ್ಯಾರೇಜಿನಲ್ಲಿ ಸ್ಕಾಟ್ಲೆಂಡಿನ ಬಿಡುಗಡೆ

ಸಹಿ ಹಾಕುವುದರಲ್ಲಿ ನಾನು ಬಹಳ ನಿಧಾನ. ಮದುವೆ ನೋಂದಣಿ ಮಾಡಿಸಿದ ದಿನ ಪೆನ್ನು ಹಿಡಿದುಕೊಂಡು ಆ ಕಾಗದವನ್ನು ಮೂರು ಸಲ ಓದಿದೆನಂತೆ. ಹುಡುಗ ಮನಸ್ಸು ಬದಲಾಯಿಸಿದನೇನೋ ಎಂದು ಮಾವನವರು ಬೆವರು ಒರೆಸಿಕೊಂಡರಂತೆ. ಇಂಥ ನನ್ನ ಮೇಜಿನ ಮೇಲೆ ನ್ಯೂಜಿಲೆಂಡ್ ಪೌರತ್ವದ ಅರ್ಜಿಯೊಂದು ನಾಲ್ಕು ವರ್ಷದಿಂದ ಬಿದ್ದಿದೆ. ಎಲ್ಲ ತುಂಬಿದ್ದೇನೆ, ಸಹಿಯೊಂದೇ ಬಾಕಿ. ಸಹಿ ಹಾಕಿದರೆ ಈ ದೇಶದವನಾಗುತ್ತೇನೆ, ನಿಜ. ಆದರೆ ನಮ್ಮ ದೇಶ ಒಬ್ಬನ ಕೈಯಲ್ಲಿ ಎರಡು ಪಾಸ್‌ಪೋರ್ಟ್ ಒಪ್ಪುವುದಿಲ್ಲವಾದ್ದರಿಂದ ಹಳೆಯದನ್ನು ವಾಪಸು ಕೊಡಬೇಕು. ನನ್ನ ಹೆಂಡತಿ ಶೈಲಾ, ಮಗಳು ಇಂಚರ ಇಬ್ಬರೂ ಎಂದೋ ಕೊಟ್ಟು ಹಾಯಾಗಿದ್ದಾರೆ. ವಿಮಾನ ನಿಲ್ದಾಣದಲ್ಲಿ ಅವರು ಒಂದು ಸಾಲಿನಲ್ಲಿ ಸರಸರನೆ ಹೊರಬಿದ್ದು ಕಾಫಿ ಕುಡಿಯುತ್ತ ಕೂತಿರುತ್ತಾರೆ. ನಾನು ಇನ್ನೊಂದು ಸಾಲಿನಲ್ಲಿ ದೇಶಭಕ್ತನ ಮುಖ ಹೊತ್ತು ನಿಂತಿರುತ್ತೇನೆ. ಯುಗಾದಿ ಮುಗಿಯಲಿ, ಫೋಟೊ ಚೆನ್ನಾಗಿಲ್ಲ, ಪಿತೃಪಕ್ಷದಲ್ಲಿ ಬೇಡ, ಹೀಗೆ ನನ್ನ ನೆಪಗಳಿಗೆ ಬರವಿಲ್ಲ. ನಾನು ಹುಬ್ಬಳ್ಳಿಯಿಂದ ಓದಲು ಬಂದು ಇಲ್ಲೇ ಉಳಿದವನು. ಲೋವರ್ ಹಟ್ ಎಂಬ ಊರಿನ ಒಂದು ಪ್ರಯೋಗಾಲಯದಲ್ಲಿ ಕಾಂಕ್ರೀಟಿನ ತುಂಡುಗಳನ್ನು ಯಂತ್ರದಲ್ಲಿಟ್ಟು ಒತ್ತಿ ನೋಡುವುದು ನನ್ನ ಕೆಲಸ. ಕಾಂಕ್ರೀಟು ಎಷ್ಟು ಒತ್ತಡಕ್ಕೆ ಬಿರಿಯುತ್ತದೆಂದು ಹೇಳಬಲ್ಲೆ. ನಾನು ಎಷ್ಟು ಒತ್ತಡಕ್ಕೆ ಸಹಿ ಹಾಕುತ್ತೇನೆಂಬುದು ಶೈಲಾಳಿಗೂ ಇನ್ನೂ ತಿಳಿದಿಲ್ಲ.

ಪಕ್ಕದ ಮನೆಯ ಹೇಮಿಶ್ ಅಂಕಲ್‌ಗೆ ಈ ತೊಂದರೆಯೇ ಇಲ್ಲ. ರೈಲು ಓಡಿಸಿ ನಿವೃತ್ತರಾದವರು, ಎಂಬತ್ತು ದಾಟಿದೆ. ಅವರು ಸ್ಕಾಟ್ಲೆಂಡಿನವರು. ಸ್ಕಾಟ್ಲೆಂಡನ್ನು ನೋಡಿಲ್ಲ, ಅಷ್ಟೆ. ಅವರ ಅಪ್ಪನೂ ನೋಡಿರಲಿಲ್ಲ. ಮುತ್ತಜ್ಜ ಹಡಗು ಹತ್ತಿ ಇಲ್ಲಿಗೆ ಬಂದಮೇಲೆ ಆ ಮನೆತನದಲ್ಲಿ ಯಾರೂ ಆ ಕಡೆ ತಲೆಹಾಕಿಲ್ಲ. ಆದರೂ ಶನಿವಾರ ಬಂತೆಂದರೆ ಅಂಕಲ್ ಲಂಗದಂಥ ಚೌಕಳಿಯ ಕಿಲ್ಟ್ ಉಟ್ಟು, ಕಂಕುಳಲ್ಲಿ ಬ್ಯಾಗ್‌ಪೈಪ್ ಇಟ್ಟುಕೊಂಡು ಹಿತ್ತಲಿನಲ್ಲಿ ನಿಂತು ಊದುತ್ತಾರೆ. ನಾವು ಈ ಮನೆಗೆ ಬಂದ ಮೊದಲ ಶನಿವಾರ ಆ ಸದ್ದು ಕೇಳಿ, ಭೂಕಂಪದ ಸೈರನ್ ಇರಬೇಕೆಂದು ಇಂಚರ ಶಾಲೆಯಲ್ಲಿ ಕಲಿಸಿದಂತೆ ಊಟದ ಮೇಜಿನ ಕೆಳಗೆ ನುಗ್ಗಿದಳು. ಅವಳ ಹಿಂದೆ ನಾನೂ ನುಗ್ಗಿದೆ. ಅಡುಗೆಮನೆಯಿಂದ ಬಂದ ಶೈಲಾ ಕಿಟಕಿಯಿಂದ ಹಣಕಿ ನೋಡಿ, "ಏಳ್ರಿ ಮ್ಯಾಲೆ. ಯಾರೋ ಅಜ್ಜಾರು ಊದಾಕತ್ತಾರ," ಎಂದಳು.

ನನಗೆ ಅಂಕಲ್ ಎಂದರೆ ಗೌರವ, ಅದರೊಳಗೆ ಒಂದಿಷ್ಟು ಹೊಟ್ಟೆಕಿಚ್ಚು. ಅವರ ಗ್ಯಾರೇಜಿನ ಗೋಡೆಯ ಮೇಲೆ ಏಳು ತಲೆಮಾರಿನ ಹೆಸರುಗಳಿವೆ. ಮುತ್ತಜ್ಜನಿದ್ದ ದ್ವೀಪದಲ್ಲಿ ಕುರಿ ಮೇಯಿಸಲು ಜಾಗ ಬೇಕೆಂದು ಜಮೀನ್ದಾರ ಊರಿಗೆ ಊರನ್ನೇ ಎಬ್ಬಿಸಿದನಂತೆ. ಕುರಿಗಳ ಕಾಟಕ್ಕೆ ಬೇಸತ್ತು ಭೂಮಿಯ ಈ ತುದಿಗೆ ಬಂದರೆ ಇಲ್ಲಿ ಅದಕ್ಕಿಂತ ಹೆಚ್ಚು ಕುರಿಗಳು. ಮುತ್ತಜ್ಜ ತಲೆ ಚಚ್ಚಿಕೊಳ್ಳದೆ ಉಣ್ಣೆ ಕತ್ತರಿಸುವ ಕೆಲಸ ಹಿಡಿದ, ಮನೆ ಕಟ್ಟಿದ, ಬಿಟ್ಟುಬಂದ ಊರಿನ ತೊರೆ, ಗುಡ್ಡ, ಬಂಡೆಗಳ ಹೆಸರನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ. ಅಂಕಲ್ ಈಗಲೂ ಆ ಹೆಸರುಗಳನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಾರೆ. ಒಮ್ಮೆ ನನ್ನ ವಂಶಾವಳಿ ಕೇಳಿದರು. ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ಆಮೇಲೆ ಕೆಮ್ಮಿದೆ. ನಮ್ಮದು ಬಹಳ ಪುರಾತನ ನಾಡು, ಅಷ್ಟೆಲ್ಲ ಹೆಸರು ನೆನಪಿಡುವುದು ಕಷ್ಟ ಎಂದು ಜಾರಿಕೊಂಡೆ. ಪಾಪ, ಅವರು ನಂಬಿದರು.

ಕಳೆದ ತಿಂಗಳು ಅಂಕಲ್ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ವಸಂತ ಎಂಬ ನನ್ನ ಹೆಸರು ಅವರ ಬಾಯಲ್ಲಿ ವಾಸ್ ಆಗಿದೆ. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಎಂದು ಹಿಂದೊಮ್ಮೆ ಅಲ್ಲಿ ಮತ ಹಾಕಿಸಿದಾಗ ಅಲ್ಲಿ ವಾಸವಿದ್ದವರನ್ನು ಮಾತ್ರ ಕೇಳಿದ್ದರು. ಆ ಕೊರಗು ಅಂಕಲ್‌ಗೆ ಇನ್ನೂ ಹೋಗಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ತಮ್ಮ ಗ್ಯಾರೇಜಿನಲ್ಲಿ ಕೂಡುವ, ತಾವೂ ಸೇರಿ ಹತ್ತು ಮಂದಿ ಸ್ಕಾಟಿಷ್ ಮೂಲದವರ ನಡುವೆ ತಾವೇ ಒಂದು ಮತದಾನ ನಡೆಸಲು ಹೊರಟಿದ್ದರು. ಎಣಿಸುವುದಕ್ಕೆ ಹೊರಗಿನವರೊಬ್ಬರು ಬೇಕು. "ನೀನೇ ಸರಿ ವಾಸ್. ನಿಮ್ಮವರು ಅದೇ ಲಂಡನ್ನಿನಿಂದ ಬಿಡಿಸಿಕೊಂಡವರು. ನಿನಗೆ ಅನುಭವ ಇದೆ," ಎಂದರು. ಸ್ವಾತಂತ್ರ್ಯದ ವಿಷಯದಲ್ಲಿ ನನಗಿರುವ ಅನುಭವವೆಂದರೆ ಶಾಲೆಯಲ್ಲಿ ಧ್ವಜವಂದನೆಯಾದ ಮೇಲೆ ಸಾಲಿನಲ್ಲಿ ಎರಡು ಸಲ ನಿಂತು ಎರಡು ಪೇಡೆ ಗಿಟ್ಟಿಸಿದ್ದು. ಅದನ್ನು ಹೇಳದೆ ಗಂಭೀರವಾಗಿ ತಲೆಯಾಡಿಸಿದೆ. ಆದರೂ ಬಾಯಿ ತಡೆಯದೆ, "ಅಲ್ಲ ಅಂಕಲ್, ನೀವು ನೋಡೇ ಇರದ ದೇಶ. ಈ ಮತ ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಯಾಕೆ ಇಷ್ಟು ತೊಂದರೆ?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನಮ್ಮ ಮುತ್ತಜ್ಜನನ್ನ ಯಾರೂ ಕೇಳಲಿಲ್ಲ ವಾಸ್. ಹೋಗ್ತೀಯಾ ಇರ್ತೀಯಾ ಅಂತ ಒಂದು ಮಾತು ಕೇಳಲಿಲ್ಲ. ಸಾಯೋದರೊಳಗೆ ನನ್ನನ್ನ ಒಂದು ಸಲ ಯಾರಾದರೂ ಕೇಳಲಿ ಅಂತ," ಎಂದರು. ಶನಿವಾರ ಬರುತ್ತೇನೆಂದು ಒಪ್ಪಿಕೊಂಡೆ.

ಆ ಶನಿವಾರ ಮಧ್ಯಾಹ್ನ ಅಂಕಲ್ ತಮ್ಮ ಪಿಕಪ್ ಗಾಡಿಯನ್ನು ರಸ್ತೆಗೆ ತಂದು ನಿಲ್ಲಿಸಿ ಗ್ಯಾರೇಜು ಖಾಲಿ ಮಾಡಿದ್ದರು. ಹುಲ್ಲು ಕತ್ತರಿಸುವ ಯಂತ್ರದ ಮುಂದೆ ಬಚ್ಚಲಿನ ಪರದೆ ಕಟ್ಟಿ ಮತಗಟ್ಟೆ, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಸೀಳಿ ಮತಪೆಟ್ಟಿಗೆ. ಬೇಡ ಎನ್ನುವ ಬಣದ ಮುಂದಾಳು ಬೇರೆ ಯಾರೂ ಅಲ್ಲ, ಅಂಕಲ್ ಹೆಂಡತಿ ಮೊರಾಗ್ ಆಂಟಿ. ಹಳೆಯ ಶಾಲಾ ಶಿಕ್ಷಕಿ, ನಿಯಮಗಳನ್ನೆಲ್ಲ ಬರೆದವರು ಅವರೇ. ಎರಡು ಬಣದವರೂ ಅರ್ಧರ್ಧ ಗಂಟೆ ವಾದ ಮಾಡಿದರು. ತಾವೆಂದೂ ಪಡೆಯದ ಪಿಂಚಣಿ, ತಾವೆಂದೂ ಮುಟ್ಟದ ನಾಣ್ಯ, ತಾವೆಂದೂ ದಾಟದ ಗಡಿ, ಒಂದನ್ನೂ ಬಿಡಲಿಲ್ಲ. ಆಂಟಿ ಗಂಡನ ಮಾತನ್ನು ಎಳೆಎಳೆಯಾಗಿ ಬಿಡಿಸಿ ಇದು ಭಾವುಕತೆ, ಇದು ಹಳೆಯ ಕತೆ ಎಂದು ಪಕ್ಕಕ್ಕಿಟ್ಟರು. ನಡುವೆ ಅವರಿಗೆ ಕೆಮ್ಮು ಬಂದಾಗ ನೀರು ತಂದುಕೊಟ್ಟವರು ಅಂಕಲ್. ನೋಡುತ್ತ ನೋಡುತ್ತ ನನಗೆ ನಮ್ಮ ಕನ್ನಡದ ಬಳಗ ನೆನಪಾಯಿತು. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಪುಲಾವೋ ಎಂದು ಶುರುವಾದ ಚರ್ಚೆಯಲ್ಲಿ ನಾವು ಎರಡು ಹೋಳಾಗಿ, ಈಗ ಸೂಪರ್‌ಮಾರ್ಕೆಟ್ಟಿನಲ್ಲಿ ಎದುರಾದರೆ ಬೇಳೆಯ ಪೊಟ್ಟಣ ಓದುವಂತೆ ನಟಿಸುತ್ತೇವೆ. ಇವರು ಒಂದು ದೇಶವನ್ನೇ ಹೋಳು ಮಾಡುವ ವಿಷಯವನ್ನು ಎಷ್ಟು ಮರ್ಯಾದೆಯಿಂದ ಆಡುತ್ತಿದ್ದರೆಂದರೆ, ನಾನು ಮೆಚ್ಚಿ ಎರಡೂ ಕಡೆಗೆ ಚಪ್ಪಾಳೆ ತಟ್ಟಿ, ಚುನಾವಣಾಧಿಕಾರಿ ತಟಸ್ಥನಾಗಿರಬೇಕೆಂದು ಆಂಟಿಯಿಂದ ಬೈಸಿಕೊಂಡೆ.

ಎಣಿಸಿದೆ. ಐದು, ಐದು. ಮತ್ತೆ ಎಣಿಸಿದೆ, ಆಗಲೂ ಅಷ್ಟೇ. ಆಂಟಿ ಕನ್ನಡಕ ಏರಿಸಿಕೊಂಡು ನಿಯಮ ಓದಿದರು: ಸಮ ಬಂದರೆ ಎಣಿಸುವವನದೇ ಕೊನೆಯ ಮತ. ಒಂಬತ್ತು ಮುಖಗಳು ನನ್ನ ಕಡೆ ತಿರುಗಿದವು. ಅಂಕಲ್ ಮಾತ್ರ ನನ್ನನ್ನು ನೋಡದೆ ಗೋಡೆಯ ಹೆಸರುಗಳನ್ನು ನೋಡುತ್ತಿದ್ದರು. ನಾನು ಒಂದು ಚೀಟಿ ತೆಗೆದುಕೊಂಡು, ಪರದೆಯ ಹಿಂದೂ ಹೋಗದೆ, ಎಲ್ಲರೆದುರೇ ಹೌದು ಎಂದು ಬರೆದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಯಾರೂ ಕುಣಿಯಲಿಲ್ಲ. ಸೋತ ಐವರೂ ಎದ್ದುಬಂದು ಗೆದ್ದವರ ಕೈಕುಲುಕಿದರು. ಆಂಟಿ ಮೊದಲ ಶಾರ್ಟ್‌ಬ್ರೆಡ್ ಬಿಸ್ಕತ್ತನ್ನು ಗಂಡನ ತಟ್ಟೆಗೆ ಹಾಕಿ, "ತಿನ್ನು, ಸ್ವತಂತ್ರನಾದೆ," ಎಂದರು. ಎಲ್ಲ ಮುಗಿದು ಕುರ್ಚಿಗಳನ್ನು ಮಡಚುವಾಗ, ಫಲಿತಾಂಶ ಉಲ್ಟಾ ಆಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅಂಕಲ್ ಅವರನ್ನು ಕೇಳಿದೆ. "ಇದೇ ಶಾರ್ಟ್‌ಬ್ರೆಡ್ ತಿಂತಿದ್ದೆ. ಕೇಳಿದರು, ಹೇಳಿದೆ. ಅಷ್ಟು ಸಾಕಿತ್ತು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಮನೆಗೆ ಬಂದು ಶೈಲಾಳಿಗೆ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವರನ್ನ ಯಾರೂ ಕೇಳಲಿಲ್ಲಂತ ನಿಮಗ ಕಣ್ಣಾಗ ನೀರು. ನಿಮ್ಮನ್ನ ಈ ದೇಶ ನಾಕು ವರ್ಷದಿಂದ ಕೇಳಾಕತ್ತೈತಿ. ನೀವು ಹೂಂನೂ ಅಂದಿಲ್ಲ, ಊಹೂಂನೂ ಅಂದಿಲ್ಲ," ಎಂದಳು. ಇಂಚರ ಫೋನಿನಿಂದ ತಲೆಯೆತ್ತಿ, "ಶೀ ಹ್ಯಾಸ್ ಎ ಪಾಯಿಂಟ್, ಡ್ಯಾಡ್," ಎಂದಳು. ನಮ್ಮ ಮನೆಯ ಮತದಾನದಲ್ಲಿ ಸಮ ಬರುವ ಸಂಭವವೇ ಇಲ್ಲ.

ಮೇಜಿನ ಮುಂದೆ ಹೋಗಿ ಕೂತೆ. ಇಷ್ಟು ವರ್ಷ ನಾನು ದೇಶಪ್ರೇಮ ಎಂದುಕೊಂಡದ್ದು ಶುದ್ಧ ಸೋಮಾರಿತನವೆಂದು ಅಲ್ಲಿ ಕೂತಾಗ ಹೊಳೆಯಿತು. ಆ ಪಾಸ್‌ಪೋರ್ಟ್ ಡ್ರಾಯರಿನಲ್ಲಿ ಇರುವ ತನಕ ನಾನು ಏನೂ ಮಾಡದೆ ಭಾರತೀಯ. ಮುತ್ತಜ್ಜನ ಹೆಸರು ಗೊತ್ತಿರಬೇಕಿಲ್ಲ, ಮಗಳಿಗೆ ನಮ್ಮೂರ ಕೆರೆಯ ಹೆಸರು ಕಲಿಸಬೇಕಿಲ್ಲ, ಮುರಿದ ಬಳಗವನ್ನು ಕೂಡಿಸಬೇಕಿಲ್ಲ. ಎಲ್ಲವನ್ನೂ ಆ ಪುಸ್ತಕ ನೋಡಿಕೊಳ್ಳುತ್ತಿತ್ತು. ಅದನ್ನು ಕೊಟ್ಟ ಮರುದಿನದಿಂದ ಹೇಮಿಶ್ ಅಂಕಲ್ ಹಾಗೆ ನಾನೇ ಮೈಬಗ್ಗಿಸಿ ದುಡಿಯಬೇಕು. ನನ್ನ ಹೆದರಿಕೆ ಇದ್ದದ್ದು ಇದಕ್ಕೇ. ಪೆನ್ನು ತೆಗೆದುಕೊಂಡು ಸಹಿ ಹಾಕಿಯೇಬಿಟ್ಟೆ. ಶೈಲಾ ಹಿಟ್ಟಿನ ಕೈಯಲ್ಲೇ ಓಡಿಬಂದು ನೋಡಿದಳು, ನಕ್ಕಳು, ನನ್ನ ಬೆನ್ನು ತಟ್ಟಿದಳು. ಆಮೇಲೆ ಕಾಗದವನ್ನು ಇನ್ನೂ ಹತ್ತಿರ ಹಿಡಿದು ನೋಡಿ, ಪೆನ್ನನ್ನು ಮತ್ತೆ ನನ್ನ ಕೈಗಿಟ್ಟಳು. ಸಹಿಯ ಪಕ್ಕದಲ್ಲಿ ದಿನಾಂಕದ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ.